ಕೆರೆಯಜ್ಜನಿಗೆ ಮೊಟ್ಟೆಯ ಹರಕೆ

ಸಂಜೆ ಆರಕ್ಕೆ ಉದ್ಯಾನದ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಶುರುವಾದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಓಡುವವರು, ಸೈಕಲ್ಲಿನವರು, ಕೆರೆಯ ಮೀನಿಗೆ ಬ್ರೆಡ್ಡು ಎಸೆಯುವವರು, ಎಲ್ಲರೂ. ಹಾಡು ಹಾಕಿ ಕಸರತ್ತು ಮಾಡಿಸುವ ಬಿಗಿ ಚಡ್ಡಿಯ ಮೇಷ್ಟ್ರು ಕೂಡ ಕಟ್ಟೆಯ ಮೇಲೆ ಸಿಪಾಯಿಯ ಹಾಗೆ ಸೆಟೆದು ನಿಲ್ಲುತ್ತಿದ್ದರು. ತುಮ್ ನಿಂತರೂ ಅವಳ ಹೊಟ್ಟೆ ಇನ್ನೂ ಸ್ವಲ್ಪ ಹೊತ್ತು ಕುಲುಕುತ್ತಲೇ ಇರುತ್ತಿತ್ತು. ಅದು ಹಿಂದಿನ ಸಾಲಿನವರಿಗೂ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು, ಅದಕ್ಕೆ ನಾಚಿಕೆಯೇನೂ ಇರಲಿಲ್ಲ. ಅವಳಿಗಿದ್ದದ್ದು ಆ ನಿಮಿಷದ ಭಯ. ಕೈಕಾಲು ಆಡುತ್ತಿರುವಷ್ಟು ಹೊತ್ತು ತಲೆಯೊಳಗೆ ಏನೂ ಇರುತ್ತಿರಲಿಲ್ಲ. ನಿಂತ ಕೂಡಲೇ ಆಪರೇಷನ್ನಿನ ಕತ್ತಿ ನೆನಪಾಗುತ್ತಿತ್ತು.

ತುಮ್ ಅಂದರೆ ನಮ್ಮಲ್ಲಿ ನೀರು ತುಂಬಿಡುವ ಹಂಡೆ. ಹುಟ್ಟಿದ ಮಗು ಚೆಂದವಿದೆ ಅಂದರೆ ದೆವ್ವದ ಕಣ್ಣು ಬೀಳುತ್ತದೆಂದು ತಾಯಿ ಲಮಿಯತ್ ಬೇಕೆಂದೇ ಇಟ್ಟ ಹೆಸರು. ಮಗಳು ಹೆಸರಿಗೆ ಮೋಸ ಮಾಡಲಿಲ್ಲ. ನಲವತ್ತೆಂಟು ವರ್ಷಕ್ಕೆ ಅವಳ ತೂಕ ತೊಂಬತ್ತು ಕಿಲೋ ಮುಟ್ಟಿತ್ತು. ಮದುವೆಯ ಗೋಜಿಗೆ ಹೋಗದೆ, ಬ್ಯಾಂಕಾಕಿನ ಉತ್ತರಕ್ಕಿರುವ ನಮ್ಮ ನಖೋನ್ ಸವನ್ ಪೇಟೆಯ ಬಸ್ ನಿಲ್ದಾಣದ ಹಿಂದೆ ಅನ್ನ-ಸಾರಿನ ಅಂಗಡಿ ಇಟ್ಟುಕೊಂಡು, ತಾಯಿಯನ್ನೂ ತಮ್ಮನನ್ನೂ ಸಾಕಿದವಳು ಅವಳೇ. ದಪ್ಪಗಿರುವವಳ ಕೈಯಡುಗೆ ರುಚಿ ಎಂದು ನಂಬಿ ಬರುವ ಗಿರಾಕಿಗಳೂ ಬೇಕಾದಷ್ಟಿದ್ದರು. ಹಾಗಾಗಿ ಆ ತೂಕದಿಂದ ಯಾರಿಗೂ ತೊಂದರೆ ಇರಲಿಲ್ಲ, ತಮ್ಮ ರೋಂಗ್‌ನ ಎರಡೂ ಕಿಡ್ನಿ ಕೈಕೊಡುವ ತನಕ.

ರೋಂಗ್ ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಈಗ ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಮಲಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಅಕ್ಕನ ಕಿಡ್ನಿ ಅವನಿಗೆ ಹೊಂದುತ್ತದೆಂದು ಪರೀಕ್ಷೆಯಲ್ಲಿ ಗೊತ್ತಾದ ದಿನ ಲಮಿಯತ್ ಡಾಕ್ಟರಿಗೆ ಎರಡೂ ಕೈ ಎತ್ತಿ ಮುಗಿದಳು. ಆದರೆ ಬ್ಯಾಂಕಾಕಿನ ಆ ಡಾಕ್ಟರು ತುಮ್‌ಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಪ್ಪತ್ತೈದಕ್ಕೆ ಇಳಿಯದೆ ತಾನು ಕತ್ತಿ ಮುಟ್ಟುವುದಿಲ್ಲ, ಇಷ್ಟು ಕೊಬ್ಬಿದ್ದರೆ ಕೊಡುವವಳ ಜೀವಕ್ಕೇ ಅಪಾಯ ಎಂದರು. ಚಳಿಗಾಲದೊಳಗೆ ಇಳಿಯಬೇಕು, ರೋಂಗ್‌ನ ಕೈಯ ರಕ್ತನಾಳಗಳು ಸೂಜಿಗೆ ಹೆಚ್ಚು ಕಾಲ ತಡೆಯುವುದಿಲ್ಲ ಎಂದೂ ಹೇಳಿದರು.

ಮಾರನೆಯ ದಿನವೇ ತಾಯಿ ಉದ್ಯಾನದ ಪಕ್ಕದ ಕೆರೆಯಜ್ಜನ ಗುಡಿಗೆ ಹೋಗಿ, ಮಗಳ ತೂಕ ಇಳಿದರೆ ನೂರು ಬೇಯಿಸಿದ ಮೊಟ್ಟೆ ಒಪ್ಪಿಸುತ್ತೇನೆಂದು ಹರಕೆ ಹೊತ್ತು ಬಂದಳು. ಕೆರೆಯಜ್ಜನಿಗೆ ಮೊಟ್ಟೆಯೆಂದರೆ ಪ್ರಾಣ. ಲಾಟರಿಯವರು, ಪರೀಕ್ಷೆಯವರು, ಗಂಡನನ್ನು ಹದ್ದುಬಸ್ತಿನಲ್ಲಿಡುವ ಆಸೆಯವರು, ಎಲ್ಲರೂ ಅವನಿಗೆ ಮೊಟ್ಟೆಯನ್ನೇ ಒಪ್ಪಿಸುವುದು. ತಾಯಿ ಹರಕೆಯ ವಿಷಯವನ್ನು ಪೇಟೆಗೆಲ್ಲ ಸಾರಿದಳು. ಪೇಟೆಯವರು ತುಮ್‌ಗೆ ಶಾಬಾಸ್ ಎಂದರು, ಅದೇ ಬಾಯಲ್ಲಿ, ಇಷ್ಟು ಕುಣಿದರೆ ಸುಸ್ತಾಗುವುದಿಲ್ಲವೇ ಎಂದು ಹುರಿದ ಬಾಳೆಹಣ್ಣಿನ ಪೊಟ್ಟಣ ಕೈಗೆ ತುರುಕಿದರು. ಕೊಟ್ಟದ್ದನ್ನು ಬೇಡವೆನ್ನುವುದು ನಮ್ಮಲ್ಲಿ ಕೆನ್ನೆಗೆ ಹೊಡೆದ ಹಾಗೆ. ಅವಳು ತೆಗೆದುಕೊಂಡು ಹೋಗಿ ಅಂಗಡಿಯ ನಾಯಿಗೆ ಹಾಕುತ್ತಿದ್ದಳು. ನಾಯಿ ದುಂಡಗಾಯಿತು.

ತುಮ್‌ಳ ಭಯ ಇಂದು ನಿನ್ನೆಯದಲ್ಲ. ಅವಳು ಚಿಕ್ಕವಳಿದ್ದಾಗ ಅಪ್ಪ ಆಪರೇಷನ್ನಿಗೆಂದು ತನ್ನ ಕಾಲಲ್ಲೇ ನಡೆದುಕೊಂಡು ಆಸ್ಪತ್ರೆಗೆ ಹೋಗಿದ್ದ. ಬಾಗಿಲ ಹತ್ತಿರ ಚಪ್ಪಲಿ ಬಿಚ್ಚಿ ಅವಳ ಕೈಗೆ ಕೊಟ್ಟು, ನೋಡ್ಕೊಳೇ, ಈಗ ಬಂದೆ ಎಂದಿದ್ದ. ಚಪ್ಪಲಿ ಅವಳ ಕೈಯಲ್ಲೇ ಉಳಿಯಿತು. ಆಗಿನಿಂದ ಆಸ್ಪತ್ರೆಯ ವಾಸನೆ ಬಂದರೆ ಅವಳ ಅಂಗೈ ಬೆವರುತ್ತದೆ. ತಮ್ಮನ ಮೇಲೆ ಅವಳಿಗಿದ್ದ ಪ್ರೀತಿ ಸುಳ್ಳಲ್ಲ, ಈ ಬೆವರೂ ಸುಳ್ಳಲ್ಲ.

ಒಂದು ಸಂಜೆ ಕಸರತ್ತು ಮುಗಿಸಿ ಹೋಗುವಾಗ ಅವಳು ಗುಡಿಯ ಮುಂದೆ ಒಂಟಿಯಾಗಿದ್ದಳು. ಒಂದು ಊದುಬತ್ತಿ ಹಚ್ಚಿ ನಿಂತಳು. ಬಾಯಿಂದ ತಾನಾಗಿಯೇ ಮಾತು ಬಂತು: ಅಜ್ಜಾ, ಈ ತೂಕ ಇಳಿಯದ ಹಾಗೆ ಮಾಡು, ಇನ್ನೂರು ಮೊಟ್ಟೆ ಕೊಡುತ್ತೇನೆ. ಹೆತ್ತ ತಾಯಿಯ ಹರಕೆಯ ಮೇಲೆ ಸವಾಲು ಕೂಗಿಬಿಟ್ಟಿದ್ದಳು. ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿ, ದಾಪುಗಾಲು ಹಾಕಿ ಮನೆ ಸೇರಿದಳು.

ಅಲ್ಲಿಂದ ಮುಂದೆ ತೂಕ ಎಂಬತ್ತೊಂದಕ್ಕೆ ಬಂದು ಕಚ್ಚಿಕೊಂಡು ಕೂತಿತು. ಅವಳು ಕಸರತ್ತು ಬಿಡಲಿಲ್ಲ. ಮಳೆ ಬಂದರೆ ಸೇತುವೆಯ ಕೆಳಗೆ ನಡೆದಳು, ಮಂಡಿ ಊದಿದರೆ ಬಟ್ಟೆ ಬಿಗಿದುಕೊಂಡು ಕುಣಿದಳು. ಔಷಧಿ ಅಂಗಡಿಯ ತಕ್ಕಡಿಯ ಮುಳ್ಳು ಮಾತ್ರ ಅಲ್ಲಾಡಲಿಲ್ಲ. ಅಜ್ಜ ತನ್ನ ಮಾತು ಕೇಳಿಬಿಟ್ಟ ಎಂದು ಅವಳಿಗೆ ಖಾತ್ರಿಯಾಯಿತು. ಇತ್ತ ರೋಂಗ್‌ನ ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಹರಕೆ ಹಿಂದಕ್ಕೆ ಪಡೆಯಬಹುದೇ ಎಂದು ಗುಡಿ ನೋಡಿಕೊಳ್ಳುವ ಮುದುಕಿಯನ್ನು ಯಾರದೋ ವಿಷಯವೆಂಬಂತೆ ಕೇಳಿದಳು. ಕೇಳಿದ್ದು ಸಿಗುವ ಮೊದಲಾದರೆ ಪಡೆಯಬಹುದು, ಸಿಕ್ಕ ಮೇಲೆ ತೀರಿಸದೆ ಗತಿಯಿಲ್ಲ ಎಂದಳು ಮುದುಕಿ. ಸಿಕ್ಕಿದೆಯೋ ಇಲ್ಲವೋ ತುಮ್‌ಗೆ ಗೊತ್ತಾಗಲಿಲ್ಲ. ಆ ರಾತ್ರಿಗಳಲ್ಲಿ ಅವಳಿಗೆ ನಿದ್ದೆ ಹತ್ತಲಿಲ್ಲ.

ಹೀಗಿರುವಾಗ ಒಂದು ಸಂಜೆ ರಾಷ್ಟ್ರಗೀತೆ ಶುರುವಾಗಿ ಎಲ್ಲರೂ ನಿಂತಾಗ, ಎದುರಿನ ದಾರಿಯಲ್ಲಿ ರೋಂಗ್ ನಿಂತಿದ್ದ. ಅಕ್ಕನ ಕುಣಿತ ನೋಡಿ ನಗಾಡಲು ಬಂದವನು ಹಾಡಿಗೆ ಸಿಕ್ಕಿಬಿದ್ದಿದ್ದ. ಇಬ್ಬರೂ ಎದುರಾಬದುರು, ಮಾತಾಡುವ ಹಾಗಿಲ್ಲ, ಮುಖ ತಿರುಗಿಸುವ ಹಾಗಿಲ್ಲ. ದಿನವೂ ಆ ನಿಮಿಷಕ್ಕೆ ಅವಳ ಮುಖದ ಮೇಲೆ ಏನು ಬರುತ್ತಿತ್ತೋ ಅದು ಅಂದೂ ಬಂತು. ತಮ್ಮ ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ.

ಹಾಡು ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದ. "ಅಕ್ಕಾ, ನೀನು ಈಗ ಸಾರಿನ ರುಚಿ ನೋಡೋದು ಸೌಟಲ್ಲಿ."

"ಏನಂದೆ?"

"ಮೊದ್ಲು ಚಮಚದಲ್ಲಿ ನೋಡ್ತಿದ್ದೆ. ಮಳೆಗಾಲ ಶುರುವಾದಾಗಿಂದ ಸೌಟು. ಬೆಳಿಗ್ಗೆ ಹನ್ನೆರಡು ಪಾತ್ರೆ, ಒಂದೊಂದಕ್ಕೂ ಸೌಟು ಭರ್ತಿ. ನಾನು ಅಲ್ಲೇ ಮೂಲೇಲಿ ಕೂತಿರ್ತೀನಲ್ಲ, ಕಾಣಲ್ವಾ ನಂಗೆ?"

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಈಗ ಕೈಗೆ ಆ ಸೌಟಿನ ಭಾರ ನೆನಪಾಯಿತು, ತೆಂಗಿನ ಹಾಲಿನ ಜಿಡ್ಡು ನೆನಪಾಯಿತು. ತೂಕ ಹಿಡಿದಿಟ್ಟದ್ದು ಅಜ್ಜನಲ್ಲ, ತನ್ನದೇ ಕೈ.

"ಭಯ ಆದ್ರೆ ಆಗ್ಲಿ ಬಿಡು, ನಂಗೂ ಆಗತ್ತೆ," ಎಂದ ರೋಂಗ್. "ನಾನೇ ಡಾಕ್ಟ್ರ ಹತ್ರ ಮಾತಾಡ್ತೀನಿ. ಅಕ್ಕಂದು ಆಗಲ್ಲ ಅಂತ ಅವ್ರೇ ಅಮ್ಮಂಗೆ ಹೇಳ್ತಾರೆ. ನಿನ್ ಮೇಲೆ ಯಾರೂ ಬೆರಳು ತೋರ್ಸಲ್ಲ."

ಅವಳ ಮೈಯೆಲ್ಲ ಹಗುರಾಯಿತು. ಹಾಗೆ ಹಗುರಾದದ್ದಕ್ಕೇ ಅಳು ಬಂತು. ಅಳುತ್ತಲೇ ಇನ್ನೂರು ಮೊಟ್ಟೆಯ ವಿಷಯ ಹೇಳಿಬಿಟ್ಟಳು. ಅವನು ಮುಖ ನೋಡದೆ ಹೊರಟುಹೋಗುತ್ತಾನೆ ಅಂದುಕೊಂಡಿದ್ದಳು. ಅವನು ಕಣ್ಣರಳಿಸಿ ನೋಡಿ, ನಗಲು ಶುರುಮಾಡಿದ.

"ಅಮ್ಮ ನೂರು, ನೀನು ಇನ್ನೂರು. ನನ್ನ ಜೀವಾನ ಮೊಟ್ಟೇಲಿ ಹರಾಜು ಹಾಕಿದ್ರಲ್ಲೇ."

ನಕ್ಕು ನಕ್ಕು ಉಸಿರು ಕಟ್ಟಿ ದಾರಿಯ ಅಂಚಿನಲ್ಲಿ ಕುಸಿದು ಕುಳಿತ. ಏಳಲು ನೋಡಿದ, ಆಗಲಿಲ್ಲ. ಚಿಕ್ಕವನಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು, ಕಂಕುಳಿಗೆ ಕೈಹಾಕಿ ಎತ್ತಿದಳು. ತಿಂಗಳುಗಟ್ಟಲೆ ಕುಣಿದು ಗಟ್ಟಿಯಾದ ಕಾಲುಗಳು ಅಲುಗಲಿಲ್ಲ. ಆದರೆ ಮೇಲೆ ಬಂದವನಲ್ಲಿ ಭಾರವೇ ಇರಲಿಲ್ಲ, ಒಗೆದ ಬಟ್ಟೆ ಎತ್ತಿದ ಹಾಗೆ ಬಂದುಬಿಟ್ಟ. ತಾನು ಇಳಿಸಲು ಹೆಣಗುತ್ತಿದ್ದದ್ದು ಅವನ ಮೈಯಿಂದ ಕೇಳದೆ ಇಳಿದುಹೋಗಿತ್ತು. ಅವನನ್ನು ನಿಲ್ಲಿಸಿ, ಅಂಗಿ ಸರಿಮಾಡಿ, ಡಾಕ್ಟರ ಹತ್ತಿರ ಏನೂ ಹೇಳಬೇಡ ಎಂದಳು.

ಮರುದಿನದಿಂದ ರುಚಿ ನೋಡುವ ಕೆಲಸ ತಾಯಿಗೆ ಬಂತು. ಲಮಿಯತ್‌ಳ ನಾಲಗೆ ಸತ್ತು ವರ್ಷಗಳಾಗಿದ್ದವು, ಎಷ್ಟು ಉಪ್ಪುಮೀನಿನ ರಸ ಸುರಿದರೂ ಅವಳಿಗೆ ಸಪ್ಪೆಯೇ. ಸಾರಿಗೆ ಸಮುದ್ರವನ್ನೇ ತಂದು ಹಾಕಿದ್ದೀರಾ ಎಂದು ಗಿರಾಕಿಗಳು ಬೈದರು, ಕೆಲವರು ಎದುರಿನ ಅಂಗಡಿಗೆ ಹೋದರು. ತುಮ್ ಹಲ್ಲು ಕಚ್ಚಿ ಒಲೆಯ ಮುಂದೆ ನಿಂತಳು, ಸಂಜೆಯಾದರೆ ಕುಣಿಯಲು ಹೋದಳು. ಮುಳ್ಳು ಅಲ್ಲಾಡಿತು. ಅದು ಒಂದೊಂದು ಕಿಲೋ ಇಳಿದಾಗಲೂ ಅವಳ ಭಯ ಹೆಚ್ಚುತ್ತ ಹೋಯಿತು. ಈಗ ಹರಕೆ ತಡೆಯುವುದಿಲ್ಲ, ಸೌಟು ತಡೆಯುವುದಿಲ್ಲ. ಎಪ್ಪತ್ತೈದರ ಕೆಳಗೆ ಬಂದ ದಿನ ಅವಳು ಔಷಧಿ ಅಂಗಡಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿದರು.

ಬ್ಯಾಂಕಾಕಿಗೆ ಹೊರಡುವ ಹಿಂದಿನ ದಿನ ಮೂವರೂ ಗುಡಿಗೆ ಹೋದರು. ತುಮ್ ಮೊಟ್ಟೆ ಬೇಯಿಸಿ ತಟ್ಟೆ ತಟ್ಟೆಯಾಗಿ ಕೈಗಾಡಿಯಲ್ಲಿ ತಂದಿದ್ದಳು. ತಾಯಿ ಒಂದೊಂದೇ ತಟ್ಟೆ ಇಳಿಸುತ್ತ ಹುಬ್ಬು ಗಂಟಿಕ್ಕಿದಳು.

"ನಾನು ಹೊತ್ತಿದ್ದು ನೂರು ಕಣೇ. ಇದೇನು ಮುನ್ನೂರು ಇದ್ಯಲ್ಲ?"

ರೋಂಗ್ ಕೆರೆಯ ಕಡೆ ಮುಖ ಮಾಡಿ ಕೆಮ್ಮಿದ.

"ಉಳಿದದ್ದು ನಂದಮ್ಮ. ನಾನೂ ಒಂದು ಕೇಳ್ಕೊಂಡಿದ್ದೆ."

"ಸಿಕ್ತಾ?"

"ಇಲ್ಲ."

"ಸಿಗದೇ ಇದ್ದಿದ್ದಕ್ಕೆ ಯಾರೇ ಹರಕೆ ತೀರಿಸ್ತಾರೆ?"

"ಕೊಡಲಿಲ್ಲ ಅಲ್ವಾ, ಅದಕ್ಕೇ," ಎಂದಳು ತುಮ್.

ಲಮಿಯತ್‌ಗೆ ಅರ್ಥವಾಗಲಿಲ್ಲ, ಅಜ್ಜನ ಎದುರು ಮಗಳನ್ನು ಬೈಯುವುದು ಬೇಡವೆಂದು ಊದುಬತ್ತಿ ಹಚ್ಚಿದಳು. ಊದುಬತ್ತಿ ಉರಿದು ಮುಗಿಯುವವರೆಗೆ ಮೂವರೂ ಮೆಟ್ಟಿಲ ಮೇಲೆ ಕುಳಿತರು. ಆಮೇಲೆ ರೋಂಗ್ ಒಂದು ಮೊಟ್ಟೆ ಸುಲಿದು, ತನ್ನ ಪಥ್ಯಕ್ಕೆ ಆಗದ ಹಳದಿಯನ್ನು ತೆಗೆದು ಅಕ್ಕನ ಮುಂದೆ ಹಿಡಿದ. ಅವಳ ಅಂಗೈ ಬೆವರಿತ್ತು. ಅದನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು ಕೈ ಚಾಚಬೇಕೆನ್ನುವಾಗ ಉದ್ಯಾನದ ಕಡೆಯಿಂದ ಆರರ ಹಾಡು ಶುರುವಾಯಿತು.

ಮೂವರೂ ಎದ್ದು ನಿಂತರು. ಭಯ ಎಂದಿನಂತೆ ಬಂತು. ರೋಂಗ್ ಹಳದಿಯನ್ನು ಹಿಡಿದ ಕೈಯನ್ನು ಚಾಚಿಕೊಂಡೇ ನಿಂತಿದ್ದ. ಹಾಡು ಮುಗಿದ ಮೇಲೆ ತುಮ್ ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಆಮೇಲೆ ಕಾಲಿನ ಚಪ್ಪಲಿಯತ್ತ ನೋಡಿ, ಇದನ್ನು ನಾಳೆ ಯಾರ ಕೈಗೂ ಕೊಡುವುದಿಲ್ಲ, ಆಸ್ಪತ್ರೆಯ ಮಂಚದ ಕೆಳಗೇ ಇಡುತ್ತೇನೆ ಎಂದು ತಮ್ಮನಿಗೆ ಹೇಳಿದಳು.