ಬೆಲ್‌ಫಾಸ್ಟಿನ ಅಜ್ಜಿಗೆ ಹೇಳಿಕೊಂಡ ಹರಕೆ

ಸಿಡ್ನಿಯಿಂದ ಮೆಲ್ಬೋರ್ನಿಗೆ ಬಂದ ಮೊದಲ ವರ್ಷ ಹಗಲು ಹೊತ್ತು ನನ್ನೊಡನೆ ಮಾತಾಡಿದವರು ಒಬ್ಬರೇ, ಪಕ್ಕದ ಮನೆಯ ಐರಿಶ್ ಅಜ್ಜಿ. ಎರಡು ಸಾವಿರದ ಐದೋ ಆರೋ ಇರಬೇಕು. ಸಿಡ್ನಿಯಲ್ಲಿ ರೆಂಟಿಗಿದ್ದ ಫ್ಲಾಟಿನ ಮೆಟ್ಟಿಲಲ್ಲಿ ನಮ್ಮವರು ಯಾರಾದರೊಬ್ಬರು ಸಿಗುತ್ತಿದ್ದರು. ಮೆಲ್ಬೋರ್ನಿನ ಹೊರವಲಯದ ಕ್ರೇಗಿಬರ್ನಿನಲ್ಲಿ ಸ್ವಂತ ಮನೆಯಾಯಿತು, ದೇವರು ಕೊಟ್ಟದ್ದು, ಇಲ್ಲವೆನ್ನುವುದಿಲ್ಲ. ಆದರೆ ಯಜಮಾನರು ಬೆಳಿಗ್ಗೆ ಡಾಕ್‌ಲ್ಯಾಂಡ್ಸಿನ ಆಫೀಸಿಗೆ ಹೊರಟರೆ ಸಂಜೆಯವರೆಗೆ ನನ್ನ ಗಂಟಲಿಗೆ ಕೆಲಸವಿರಲಿಲ್ಲ. ಸ್ತೋತ್ರವನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ಭಕ್ತಿ ಅರ್ಧ, ಮನೆಯಲ್ಲಿ ಒಂದು ಸ್ವರ ಕೇಳಲಿ ಎಂಬ ಆಸೆ ಅರ್ಧ.

ಅಜ್ಜಿ ಬೆಲ್‌ಫಾಸ್ಟಿನವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನೋಟದ ನಡುಭಾಗ ಹೋಗಿ ಕಣ್ಣಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಒಂದು ದಿನ ಬೇಲಿಯಾಚೆಯಿಂದ, "ನಿನಗೆ ಇಂಗ್ಲಿಷ್ ಓದ್ಲಿಕ್ಕೆ ಬರ್ತದಾ?" ಎಂದು ಕೇಳಿದರು.

"ಬರ್ತದೆ ಆಂಟಿ."

"ನಾನು ಯಾರ ಆಂಟಿಯೂ ಅಲ್ಲ. ಮೂರು ಗಂಟೆಗೆ ಬಾ."

ಅವರ ಕಪಾಟಿನ ತುಂಬ ಐರ್ಲೆಂಡಿನ ಹಳೆಯ ಕಾಲದ ಕಾದಂಬರಿಗಳು, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ನಾನು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. "ಕೊಲೆ ನಡೀತಾ ಇದೆ, ನೀನು ಮಗ್ಗಿ ಒಪ್ಪಿಸ್ತಾ ಇದ್ದೀಯ," ಎಂದು ಬೈಯುತ್ತಿದ್ದರು. ಆ ಬೈಗುಳಕ್ಕಾಗಿಯೇ ನಾನು ಎರಡೂವರೆಗೇ ತಲೆ ಬಾಚಿಕೊಂಡು ಕೂತಿರುತ್ತಿದ್ದೆ.

ನಾವು ಓದಿದ ಕತೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಸಂಕಟ. ಸಮುದ್ರ ದಾಟಿ ಬಂದ ಪ್ರೊಟೆಸ್ಟೆಂಟರಿಗೆ ರಾಜ ಹೊಲಗಳನ್ನು ಹಂಚಿಬಿಡುತ್ತಾನೆ. ಅಲ್ಲಿಯೇ ಹುಟ್ಟಿದ ಕ್ಯಾಥೊಲಿಕರು ತಮ್ಮದೇ ಗದ್ದೆಗೆ ಗೇಣಿ ಕೊಡುವವರಾಗುತ್ತಾರೆ. ಅವರ ಬಲಿಪೂಜೆಗೂ ನಿಷೇಧ, ಪಾದ್ರಿ ಕದ್ದು ಬರಬೇಕು, ಗುಡ್ಡದ ಬಂಡೆಯೇ ಪೀಠ, ಒಬ್ಬ ಕಾವಲಿಗೆ ನಿಲ್ಲಬೇಕು. ನಾನು ಓದುತ್ತ ಅತ್ತುಬಿಡುತ್ತಿದ್ದೆ, ಹೊಲ ಕಿತ್ತುಕೊಂಡವರಿಗೆ ಶಾಪ ಹಾಕುತ್ತಿದ್ದೆ. ಅಜ್ಜಿ ಅಳುತ್ತಿರಲಿಲ್ಲ.

"ಇಬ್ಬರಿಗೂ ಯೇಸುವೇ ಅಲ್ವಾ ಆಂಟಿ? ಮತ್ತೆ ಯಾಕೆ ಹೊಡೆದಾಟ?"

"ಹೊಲ ಯಾರದ್ದು ಅಂತ ತಿಳೀಬೇಕಾದ್ರೆ ಅವನು ಯಾವ ಚರ್ಚಿಗೆ ಹೋಗ್ತಾನೆ ಅಂತ ಕೇಳಿದ್ರೆ ಸಾಕಿತ್ತು. ಓದು."

ಆ ಚಳಿಗಾಲ ಅವರಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ನಮ್ಮ ಉಡುಪಿ ಕಡೆ ಕಾಯಿಲೆ ಜೋರಾದರೆ ದೇವಸ್ಥಾನದ ಜೊತೆಗೆ ಇಗರ್ಜಿಗೂ, ಎಂದರೆ ಚರ್ಚಿಗೂ, ಮೇಣದಬತ್ತಿಯ ಹರಕೆ ಹೇಳಿಕೊಳ್ಳುವವರಿದ್ದಾರೆ. ನನ್ನ ಟೈಫಾಯಿಡಿಗೆ ಅಮ್ಮ ಹೇಳಿಕೊಂಡಿದ್ದಳು. ಅಜ್ಜಿಗೂ ನಾನು ಹಾಗೇ ಹೇಳಿಕೊಂಡೆ. ಐರಿಶ್ ಎಂದ ಮೇಲೆ ಕ್ಯಾಥೊಲಿಕರೇ ಎಂದು ನನ್ನ ತಿಳಿವಳಿಕೆ. ಅವರು ಮನೆಗೆ ಬರುವ ದಿನ ಗೊತ್ತಾದ ಕೂಡಲೇ ಬಸ್ಸು ಹಿಡಿದು ಕ್ಯಾಥೊಲಿಕ್ ಇಗರ್ಜಿಗೆ ಹೋಗಿ ಬತ್ತಿ ಹಚ್ಚಿದೆ. ಅಲ್ಲಿಂದಲೇ ಮೇರಿಯಮ್ಮನ ಚಿಕ್ಕ ಪಟವೊಂದನ್ನು ತಂದು, ಅವರು ಮನೆಗೆ ಬಂದ ದಿನ ಹಾಸಿಗೆಯ ಪಕ್ಕ ಇಟ್ಟೆ. ಹರಕೆಯ ವಿಷಯವನ್ನೂ ಹೆಮ್ಮೆಯಿಂದ ಹೇಳಿದೆ.

ಅವರು ಪಟವನ್ನು ಕಣ್ಣಿನ ಅಂಚಿಗೆ ತಂದು ಕೋಳಿಯ ಹಾಗೆ ಓರೆಯಾಗಿ ನೋಡಿದರು.

"ನಾನು ಕ್ಯಾಥೊಲಿಕ್ ಅಂತ ನಿನಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.

"ನೀನು ದಿನಾ ಶಾಪ ಹಾಕ್ತಿದ್ದೆಯಲ್ಲ, ಹೊಲ ತಗೊಂಡವರಿಗೆ, ಅವರು ನಮ್ಮವರು. ಇದು ನಮ್ಮಪ್ಪನ ಮನೆಗೆ ಬಂದಿದ್ರೆ ಒಲೆಗೆ ಹೋಗ್ತಿತ್ತು. ತಗೊಂಡು ಹೋಗು. ನಾಳೆ ಬರಬೇಡ."

ಸಂಜೆ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. "ಎಂತ ಮಾರಾಯ್ತಿ, ಅಷ್ಟು ದೊಡ್ಡ ದೊಡ್ಡ ಪುಸ್ತಕ ಓದಿ ನಿಂಗೆ ಇಷ್ಟೂ ಗೊತ್ತಾಗ್ಲಿಲ್ವಾ?" ಎಂದರು. ತುಸು ಹೊತ್ತಿನ ಮೇಲೆ, "ಎರಡು ದಿನ ಬಿಡು, ಸಿಟ್ಟು ಇಳೀತದೆ," ಎಂದು ತಾವೇ ನನ್ನ ತಟ್ಟೆಗೆ ಸಾರು ಬಡಿಸಿದರು.

ಎರಡು ದಿನ ಹನ್ನೊಂದಾಯಿತು. ಮೂರು ಗಂಟೆ ಹೊಡೆದಾಗ ಎಲ್ಲಿ ಕೂರಬೇಕೆಂದು ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯ ನಲ್ಲಿ ತಿರುಗಿಸಿದ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಸದ್ದು ಬಂದರೆ ಅವರು ಎದ್ದು ಓಡಾಡುತ್ತಿದ್ದಾರೆ, ಇವತ್ತಿಗೆ ಅಷ್ಟು ಸಾಕು ಎಂದುಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನನಗೆ ನೆನಪಾದದ್ದು ನನ್ನ ದೊಡ್ಡಮ್ಮ. ಗೋಪೀಚಂದನ ಹಚ್ಚುವ ನಮ್ಮ ಮನೆಯ ದೊಡ್ಡಮ್ಮ ಭಸ್ಮ ಹಚ್ಚುವವರ ಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಅಮ್ಮ ಇಗರ್ಜಿಗೆ ಹೋದದ್ದು ಕೂಡ ಅವರಿಗೆ ಗೊತ್ತಾಗದ ಹಾಗೆಯೇ. ಅದನ್ನು ನಾನು ಜಗಳವೆಂದು ಎಂದೂ ಕರೆದಿರಲಿಲ್ಲ. ನಮ್ಮ ಪದ್ಧತಿ ಎಂದಷ್ಟೇ ಹೇಳುತ್ತಿದ್ದೆ.

ಹನ್ನೆರಡನೆಯ ದಿನ ಹೋಗಿ ಬಾಗಿಲು ತಟ್ಟಿದೆ.

"ಯಾರು?"

"ನಾನು ಆಂಟಿ. ಕೈಯಲ್ಲಿ ಏನೂ ತಂದಿಲ್ಲ."

ಒಳಗಿನಿಂದ ಕೆಮ್ಮೋ ನಗೆಯೋ ತಿಳಿಯದ ಸದ್ದು. ಬಾಗಿಲು ತೆರೆಯಿತು.

ಕೇಳದೆ ಹರಕೆ ಹೇಳಿಕೊಂಡದ್ದು ತಪ್ಪಾಯಿತು ಎಂದೆ. "ಸರಿ," ಎಂದವರು ಬೇರೊಂದು ಪುಸ್ತಕ ಕೊಟ್ಟರು. ಅದರಲ್ಲಿ ಕಲ್ಲಿನ ಮನೆಯ ಪ್ರೊಟೆಸ್ಟೆಂಟ್ ಒಡತಿಯೊಬ್ಬಳು, ಸುತ್ತಲಿನ ಗೇಣಿದಾರರು ಯಾವಾಗ ಬೆಂಕಿ ಇಡುವರೋ ಎಂಬ ಭಯದಲ್ಲಿ ಮಕ್ಕಳನ್ನು ಬಟ್ಟೆ ಬದಲಿಸದೆ ಮಲಗಿಸುತ್ತಾಳೆ. ಅಜ್ಜಿ ನಡುವೆ ತಡೆದರು.

"ಇವಳಿಗಾಗಿ ಅಳುವುದಿಲ್ವಾ ನೀನು?"

ಸುಳ್ಳು ಹೇಳಲಾಗಲಿಲ್ಲ. "ಮಕ್ಕಳನ್ನು ನೆನೆದ್ರೆ ಸಂಕಟ ಆಗ್ತದೆ ಆಂಟಿ. ಇವಳಿಗಾಗಿ ನನಗೆ ಅಳು ಬರುವುದಿಲ್ಲ."

ಎದ್ದು ಹೋಗೆನ್ನುವರೇನೋ ಎಂದು ನಾನು ಚಪ್ಪಲಿಯ ಕಡೆ ನೋಡಿದೆ.

"ಅಳು ಬಾರದಿದ್ರೆ ಬೇಡ," ಎಂದರು. "ಓದು. ಮಗ್ಗಿ ಹೇಳಬೇಡ."

ಆಮೇಲೆ ಎರಡು ವರ್ಷ, ಅವರು ಇರುವವರೆಗೂ ಓದಿದೆ. ನಮ್ಮಿಬ್ಬರ ದೇವರ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಮನೆಯಲ್ಲಿ ದೀಪ ಹಚ್ಚಿದಾಗ ಅವರ ಹೆಸರನ್ನೂ ಸೇರಿಸುತ್ತಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.