ಬಚ್ಚಲ ಹಿಂದಿನ ಮಲ್ಲಿಗೆ, ಮೊಮ್ಮಗಳ ಜಡೆ

ನನ್ನ ಮೊಮ್ಮಗಳಿಗೆ ಜಡೆ ಬಂದಿದೆ. ಐದು ತುಂಬಿ ಆರಕ್ಕೆ ಬಿದ್ದ ಹುಡುಗಿಗೆ ಸೊಂಟ ಮುಟ್ಟುವ ಕೂದಲು. ಇದನ್ನು ನಮ್ಮೂರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಹಾಲಿನ ಡೇರಿಯಲ್ಲಿ ಎರಡು ಸಲ ಹೇಳಿದ್ದೇನೆ. ಓದುವವರಿಗೆ ಗೊತ್ತಿರಲಿಕ್ಕಿಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕೊರಟಗೆರೆ ತಾಲ್ಲೂಕು. ಮಗಳನ್ನು ಕೊಟ್ಟಿರುವುದು ಪಾವಗಡದ ಕಡೆ, ರಾಯಚರ್ಲು ಹತ್ತಿರ. ಶಿವರಾತ್ರಿ ಹೊತ್ತಿಗೆ ಅವಳು ಫೋನು ಮಾಡಿದಳು.

"ಅವ್ವಾ, ಈ ಸಲ ಮಗೀನ ಒಂದನೇ ಕ್ಲಾಸಿಗೆ ಸೇರಿಸ್ತೀವಿ. ಬೆಳಗ್ಗೆ ಎದ್ದು ಜಡೆ ಹೆಣೆಯೋಕೆ ನಂಗೆ ಪುರುಸೊತ್ತಿಲ್ಲ. ಇಸ್ಕೂಲು ಸುರುವಾಗೋ ಮುಂಚೆ ಕುತ್ತಿಗೆ ಮಟ್ಟಕ್ಕೆ ಕತ್ತರಿಸ್ಬುಡ್ತೀನಿ."

ನಾನು ಜಗಳ ಮಾಡಲಿಲ್ಲ. "ಅದಕ್ ಮುಂಚೆ ರಜಕ್ಕೆ ಕಳ್ಸು. ಒಂದೇ ಒಂದ್ಸಲ ಮೊಗ್ಗಿನ ಜಡೆ ಹಾಕ್ಬುಡ್ತೀನಿ, ನಮ್ ಗಿಡದ್ದೇ" ಎಂದೆ.

ಮೊಗ್ಗು ಅಂಗಡಿಯಲ್ಲೂ ಸಿಗುತ್ತದೆ. ಆದರೆ ನಮ್ಮ ಬಚ್ಚಲ ಹಿಂದಿನ ದುಂಡುಮಲ್ಲಿಗೆ ನೆಟ್ಟದ್ದು ಮಗಳು ಬಾಣಂತನಕ್ಕೆ ಬಂದಿದ್ದಾಗ. ಐದು ತಿಂಗಳು ಕೂಸಿಗೆ ಎರೆದ ನೀರೆಲ್ಲ ಹರಿದದ್ದು ಅದರ ಬುಡಕ್ಕೆ. ಆ ಗಿಡದ ಮೊಗ್ಗು ಆ ತಲೆಗೆ ಏರದೆ ಇನ್ನಾರ ತಲೆಗೆ ಏರಬೇಕು?

ಫೋನು ಬಂದ ಮೂರನೇ ದಿನ ನಮ್ಮ ಯಜಮಾನರು ಗಿಡವನ್ನು ಸವರಿದರು.

ಅವರು ಹಿಂದೆ ರೇಷ್ಮೆಹುಳ ಸಾಕಿದವರು. ಹಿಪ್ಪುನೇರಳೆಯನ್ನು ಬೆಳೆ ಬೆಳೆಗೂ ಬುಡದ ತನಕ ಕತ್ತರಿಸಬೇಕು, ಆಗಲೇ ಅದು ಮತ್ತೆ ಚಿಗುರಿ ಹುಳಕ್ಕೆ ಸೊಪ್ಪು ಕೊಡುವುದು. ಹುಳ ಸಾಕುವುದು ಬಿಟ್ಟು ಎಷ್ಟೋ ವರ್ಷವಾಯಿತು, ಕೈ ಮಾತ್ರ ಬಿಟ್ಟಿಲ್ಲ. ದಾಸವಾಳ, ಕರಿಬೇವು, ಒಮ್ಮೆ ಪಕ್ಕದ ಮನೆಯವರು ಹಬ್ಬಕ್ಕೆಂದು ತಂದಿಟ್ಟಿದ್ದ ಬಾಳೆಕಂದು, ಹೀಗೆ ಎದುರಿಗೆ ಸಿಕ್ಕಿದ್ದನ್ನೆಲ್ಲ ಗೇಣುದ್ದಕ್ಕೆ ಇಳಿಸಿದ್ದಾರೆ. ನಾನು ಡೇರಿಯಿಂದ ಬರುವಷ್ಟರಲ್ಲಿ ಎದೆಮಟ್ಟದ ಮಲ್ಲಿಗೆ ಮೊಣಕಾಲಿನ ಕೆಳಗಿತ್ತು. ಕತ್ತರಿಸಿದ ಕಡ್ಡಿಗಳನ್ನು ನೀಟಾಗಿ ಹೊರೆ ಕಟ್ಟಿದ್ದರು.

"ಏನ್ ಮಾಡ್ಬುಟ್ರಿ ಇದು?"

"ಗಿಡ ಮುದುರ್ಕೊಂಡಿತ್ತು. ಸವರ್ದೆ."

"ಮಗೀನ ಜಡೆಗೆ ಅಂತ ಇಟ್ಕೊಂಡಿದ್ದೆ ಕಣ್ರೀ."

"ಚಿಗುರ್ತದೆ ಬುಡೇ. ಎರಡು ತಿಂಗ್ಳಲ್ಲಿ ಸೊಪ್ಪು ಹೆಂಗ್ ಬತ್ತದೆ ನೋಡು."

"ಸೊಪ್ಪು ತಗಂಡು ಏನ್ ಮಾಡ್ಲಿ? ಮಗೀಗೆ ಸೊಪ್ಪಿನ ಜಡೆ ಹಾಕ್ಲಾ?"

ಅವರು ಹೊರೆಯನ್ನು ಗೋಡೆಗೆ ಒರಗಿಸಿ, "ಮೊದ್ಲೇ ಹೇಳೋದಲ್ವಾ" ಎಂದರು. ಊರಿಗೆಲ್ಲ ಹೇಳಿದ್ದೆ. ಇವರಿಗೆ ಹೇಳಿರಲಿಲ್ಲ.

ಕುಡುಗೋಲನ್ನು ರಾಗಿ ಡ್ರಮ್ಮಿನಲ್ಲಿ ಹೂತಿಟ್ಟೆ. ದಿನಾ ಎರಡು ಬಿಂದಿಗೆ ನೀರು ಹೊತ್ತು ಹಾಕಿದೆ. ಗಿಡ ಚಿಗುರಿತು, ಅದು ನಿಜ. ಆದರೆ ಆ ಎಳೆ ಚಿಗುರು ನನಗಿಂತ ಮೊದಲು ಕಂಡದ್ದು ಪಕ್ಕದ ಮನೆಯ ಮೇಕೆಗೆ. ಒಂದು ಮಗ್ಗುಲನ್ನು ಪೂರಾ ಮೇಯ್ದಿತ್ತು. ಮೇಕೆಯ ಒಡತಿಯನ್ನು ಕರೆದು ತೋರಿಸಿದೆ.

"ಬಾಯಿಲ್ಲದ ಪ್ರಾಣಿ ಕಣಕ್ಕಾ, ಅದಕ್ಕೇನ್ ಗೊತ್ತಾಯ್ತದೆ" ಎಂದಳು.

"ಬಾಯಿಲ್ದೇನೇ ಇಷ್ಟು ತಿಂದೈತೆ. ಬಾಯಿದ್ದಿದ್ರೆ ಬಚ್ಚಲೂ ಉಳೀತಿರ್ಲಿಲ್ಲ. ಕಟ್ಟಾಕೇ ಅದನ್ನ."

"ಕಟ್ಟಾಕ್ದೆ ಕಣಕ್ಕಾ. ಹಗ್ಗಾನೂ ತಿಂತು."

ಯಜಮಾನರು ತಮ್ಮ ತಪ್ಪಿಗೆ ತಾವೇ ದಂಡ ಹಾಕಿಕೊಂಡು ಕೆರೆ ಅಂಗಳದಿಂದ ಜಾಲಿ ಕೊಂಬೆಗಳನ್ನು ಎಳೆದು ತಂದು ಗಿಡದ ಸುತ್ತ ಬೇಲಿ ಮಾಡಿದರು. ಹಸಿ ಜಾಲಿ. ಮೇಕೆ ಮುಳ್ಳಿನ ನಡುವೆ ತುಟಿ ತೂರಿಸಿ ಮೊದಲು ಬೇಲಿಯ ಸೊಪ್ಪನ್ನು ತಿಂದಿತು, ಊಟಕ್ಕೆ ಮುಂಚೆ ಕೋಸಂಬರಿ ತಿಂದಂತೆ. ಆಮೇಲೆ ಮಲ್ಲಿಗೆಗೆ ಬಂತು.

ಆಗ ನಮ್ಮವ್ವ ಹೊಲದ ಅಂಚಿನ ತೊಗರಿಗೆ ಮಾಡುತ್ತಿದ್ದ ಉಪಾಯ ನೆನಪಾಯಿತು. ಮೇಕೆಯ ಹಿಕ್ಕೆಯನ್ನೇ ನೀರಿನಲ್ಲಿ ಕದಡಿ ಸೊಪ್ಪಿಗೆ ಎರಚುವುದು. ತನ್ನ ಹಿಕ್ಕೆಯ ವಾಸನೆ ಬರುವ ಸೊಪ್ಪನ್ನು ಮೇಕೆ ಮೂಸಿ ಬಿಟ್ಟುಬಿಡುತ್ತದೆ. ಹಿಕ್ಕೆಯನ್ನು ಪಕ್ಕದ ಮನೆಯಲ್ಲೇ ಕೇಳಿ ತಂದೆ. "ಅಂತೂ ನಮ್ ಮೇಕೆಯಿಂದ ನಿಂಗೂ ಉಪಯೋಗ ಆಯ್ತಲ್ಲ" ಎಂದಳು ಆ ತಾಯಿ.

ಸಂಜೆ ಸಂಜೆ ಮೊಮ್ಮಗಳ ಫೋನು. ಆ ಕಡೆಯ ಮಾತಿಗೆ ತೆಲುಗು ಬೆರೆತಿದೆ. "ಅಮ್ಮಮ್ಮಾ, ಮೇಕ ತಿನೇಸಿಂದಾ?" ಮೇಕೆ ತಿಂದುಬಿಟ್ಟಿತಾ ಎಂದು ಕೇಳುವುದು. "ಇಲ್ಲ ಕಣವ್ವಾ" ಎಂದರೆ ಫೋನು ಇಟ್ಟುಬಿಡುತ್ತಿದ್ದಳು. ಬೇರೆ ಮಾತು ಅವಳಿಗೆ ಬೇಕಿರಲಿಲ್ಲ.

ಮೊಗ್ಗು ಕಾಣಿಸಿದ ಮೇಲೆ ಹಿಕ್ಕೆ ನೀರು ನಿಲ್ಲಿಸಬೇಕಾಯಿತು. ಆ ವಾಸನೆಯನ್ನು ಮಗುವಿನ ತಲೆಗೆ ಮುಡಿಸುವುದಕ್ಕಾಗುತ್ತದೆಯೇ? ಗಿಡದ ಮುಂದೆ ಸ್ಟೂಲು ಹಾಕಿಕೊಂಡು ನಾನೇ ಕೂತೆ. ರಾಗಿ ಕೇರಿದ್ದು, ಹುಣಸೆಹಣ್ಣು ಬಿಡಿಸಿದ್ದು, ಬಂದವರನ್ನು ಮಾತಾಡಿಸಿದ್ದು ಎಲ್ಲ ಅಲ್ಲೇ. ಮೇಕೆಯೂ ಎದುರು ಗೋಡೆಯ ನೆರಳಿನಲ್ಲಿ ಮಲಗಿ ನನ್ನನ್ನೇ ನೋಡುತ್ತಿತ್ತು. ನಾನು ಊಟಕ್ಕೆ ಏಳುವಾಗ ಯಜಮಾನರು ಬಂದು ಕೂರುತ್ತಿದ್ದರು. ಅವರು ಕೂತಾಗ ಅವರ ಕೈಯಲ್ಲಿ ಏನಿದೆ ಎಂದು ನೋಡಿಕೊಂಡೇ ಒಳಗೆ ಹೋಗುತ್ತಿದ್ದೆ.

ಮಗಳು ಹುಡುಗಿಯನ್ನು ಕಳುಹಿಸಿದ್ದು ರಜೆಯ ಕೊನೆಯ ವಾರ. ಸೋಮವಾರ ಅವಳ ಕೂದಲು ಕತ್ತರಿಸುವುದೆಂದು ಆಗಿತ್ತು. ಗುರುವಾರದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ, ಶುಕ್ರವಾರದ್ದನ್ನು ಬೆಳಗ್ಗೆ ಕಿತ್ತೆ. ಎರಡೂ ಸೇರಿ ಮೊರ ತುಂಬಿತು. ಆ ಗಿಡ ಹಿಂದೆ ಯಾವ ವರ್ಷವೂ ಅಷ್ಟು ಬಿಟ್ಟದ್ದಿಲ್ಲ.

ಬಾಳೆಪಟ್ಟೆಯ ಮೇಲೆ ಸೂಜಿಯಿಂದ ಒಂದೊಂದೇ ಮೊಗ್ಗು ಹೊಲಿದು ಜಡೆಗೆ ಕಟ್ಟಿದೆ. ಮುಗಿಯುವ ತನಕ ಅವಳು ಅಲ್ಲಾಡಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಲಿಲ್ಲ. ನೊಣವನ್ನು ಅವಳ ತಾತ ಓಡಿಸಿದರು.

ಮಧ್ಯಾಹ್ನ ಮಹಾಲಕ್ಷ್ಮಿ ಗುಡಿಗೆಂದು ಗೊರವನಹಳ್ಳಿ ಬಸ್ಸು ಹತ್ತಿದೆವು. ಸೀಟು ಸಿಕ್ಕಿತು, ಒರಗಿದರೆ ಜಡೆ ಹಾಳಾಗುತ್ತದೆಂದು ಅವಳು ನಿಂತೇ ಬಂದಳು. ಹಿಂದಿನ ಸೀಟಿನ ಹೆಂಗಸು, "ಏನ್ ಚೆಂದಾಗೈತಮ್ಮ ಮೊಗ್ಗು! ಎಲ್ಲಿ ತಂದ್ರಿ?" ಎಂದಳು.

"ನಮ್ ಗಿಡದ್ದೇ. ನಾನೇ ಸವರಿದ್ದು" ಎಂದರು ಯಜಮಾನರು.

ಹೇಳಲಿ ಬಿಡಿ.

ಗುಡಿಯಲ್ಲಿ ಶುಕ್ರವಾರದ ಜನ. ನಮ್ಮ ಸರತಿ ಬಂದಾಗ ಮೊಮ್ಮಗಳು ಮಹಾಲಕ್ಷ್ಮಿಗೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ ಕೈಮುಗಿದು ನಿಂತಳು.

"ಮಗಾ, ದೇವ್ರ ಕಡೆ ತಿರುಗಮ್ಮಾ" ಎಂದರು ಪೂಜಾರಿ.

"ಅಂಗ್ ತಿರುಗಿದ್ರೆ ದೇವ್ರಿಗೆ ಜಡೆ ಕಾಣ್ಸಲ್ಲ" ಎಂದಳು.

ಹಿಂದಿನವರು ತಳ್ಳುತ್ತಿದ್ದರು. ನಾನು ಅವಳ ಭುಜ ಹಿಡಿದು ಸ್ವಲ್ಪ ಎಡಕ್ಕೆ ಸರಿಸಿದೆ. ದೀಪದ ಬೆಳಕು ಅಲ್ಲಿ ಜಡೆಯ ಮೇಲೆ ಚೆನ್ನಾಗಿ ಬೀಳುತ್ತಿತ್ತು.