ಮಾಸ್ತರ ಹೆಸರಿನ ಅಂಬಾಸಿಡರ್

1979ರಲ್ಲಿ ಏಳನೇ ತರಗತಿಗೆ ನನ್ನ ಓದು ನಿಂತಿತು. ಆಮೇಲೆ ಕಲಿತದ್ದೆಲ್ಲ ಸ್ಟೇರಿಂಗ್ ಹಿಂದೆ ಕೂತು. 1999ರವರೆಗೂ ಹಗರಿಬೊಮ್ಮನಹಳ್ಳಿಯಲ್ಲಿ ಬೇರೆಯವರ ಗಾಡಿ ಓಡಿಸಿದೆ. ಕೆಲಸದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ. ಆ ವರ್ಷ ಸ್ವಂತ ಟ್ಯಾಕ್ಸಿ ಮಾಡಬೇಕೆಂದು ಚಿಗಟೇರಿಯ ನಿವೃತ್ತ ಮಾಸ್ತರೊಬ್ಬರ ಅಂಬಾಸಿಡರ್ ಕೊಂಡೆ. ಊರಲ್ಲಿ ರಾತ್ರಿ ಶಾಲೆ ನಡೆಸಿ, ಹೆಬ್ಬೆಟ್ಟು ಒತ್ತುತ್ತಿದ್ದ ಮುದುಕ ಮುದುಕಿಯರಿಗೂ ಸಹಿ ಹಾಕಲು ಕಲಿಸಿದವರು ಅವರು.

ಹಣ ಪೂರ್ತಿ ಮುಟ್ಟಿಸಿದ್ದೆ. ಗಾಡಿ ಶುಕ್ರವಾರವೇ ಮನೆಗೆ ಬರಬೇಕೆಂದು ನನ್ನ ಹೆಂಡತಿಯ ಹಟ. ಅಂದೇ ಹೋದೆ. ಮಾಸ್ತರು ಪೆನ್ನು ತೆಗೆದರು, ಅವರ ಹೆಂಡತಿ ತಡೆದರು.

“ಶುಕ್ರವಾರ ಮನಿ ಲಕ್ಷ್ಮೀನ ಯಾರರ ಬರದು ಕೊಡ್ತಾರೇನ್ರಿ? ತಮ್ಮಾ, ಗಾಡಿ ಒಯ್ಯಿ. ಸೋಮವಾರ ಬಾ, ಸಹಿ ಹಾಕ್ತಾರ.”

ಮಾಸ್ತರು ನಕ್ಕರು. “ಇಷ್ಟು ಮಂದಿಗೆ ಅಕ್ಷರ ಕಲಿಸೀನಿ, ಈಕಿಗೆ ವಾರ ಮರಸಾಕ ಆಗಿಲ್ಲ ನೋಡು. ಸೋಮವಾರ ಬಾರಪ.”

ನಮ್ಮ ಕಡೆ ಎಲ್ಲರೂ ಹೀಗೇ ಮಾಡುವುದು. ಕೀಲಿ ತೆಗೆದುಕೊಂಡು ಬಂದೆ. ಭಾನುವಾರ ಮಾಸ್ತರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು.

ಗಾಡಿ ಮಾರಿದ್ದನ್ನು ತಿಳಿಸುವುದು ಫಾರಂ 29, ಹೆಸರು ಬದಲಿಸಲು ಕೇಳುವುದು ಫಾರಂ 30. ಎರಡಕ್ಕೂ ಮಾರಿದವರ ಸಹಿ ಬೇಕು. ಆರ್.ಸಿ. ಪುಸ್ತಕಕ್ಕೆ ನನ್ನ ಹೆಸರು ಬರದೆ ಟ್ಯಾಕ್ಸಿ ಪರ್ಮಿಟ್ ಸಿಗದು. ಕೆಲವು ತಿಂಗಳ ಮೇಲೆ ಮಾಸ್ತರು ಎಡಗೈಯಲ್ಲಿ ಸಹಿ ಹಾಕಿಕೊಟ್ಟರು. ಸಾರಿಗೆ ಕಚೇರಿಯ ಗುಮಾಸ್ತ ಅದನ್ನು ಹಳೆಯ ಸಹಿಯ ಪಕ್ಕ ಇಟ್ಟು ನೋಡಿದ. ಅವನದೂ ತಪ್ಪಿಲ್ಲ.

“ಇದು ಕೂಡಂಗಿಲ್ಲ. ಡಾಕ್ಟರ ಮುಂದ ಹೆಬ್ಬೆಟ್ಟು ಒತ್ತಿಸಿ, ಸರ್ಟಿಫಿಕೇಟ್ ತಗೊಂಡು ಬಾ.”

ಡಾಕ್ಟರನ್ನು ಕರೆದುಕೊಂಡೇ ಚಿಗಟೇರಿಗೆ ಹೋದೆ. ಇಂಕ್ ಪ್ಯಾಡ್ ಕಂಡದ್ದೇ ಮಾಸ್ತರು ಕೈ ಹಿಂದಕ್ಕೆ ಎಳೆದುಕೊಂಡರು. ನಾಲಿಗೆ ತೊದಲುತ್ತಿತ್ತು, ಆದರೂ ಮಾತು ತಿಳಿಯಿತು.

“ಹೆಬ್ಬೆಟ್ಟು ಒತ್ತಂಗಿಲ್ಲ.”

ಗೋಡೆಯ ಕಡೆ ಮುಖ ತಿರುಗಿಸಿದರು. ಡಾಕ್ಟರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ಕೂತರು. ಮಾಸ್ತರ ಹೆಂಡತಿಯನ್ನು ನಾನು ಅಮ್ಮ ಎನ್ನುತ್ತಿದ್ದೆ. ಅವರು ನನ್ನನ್ನು ಹೊರಗಿನ ಕಟ್ಟೆಗೆ ಕರೆದರು.

“ಗುಳಿಗಿ ಕೊಟ್ಟೀನಿ, ಈಗ ಮಲಗ್ತಾರ. ಆಗ ಒತ್ತಿಸಿಗ್ಯಾ ತಮ್ಮ, ಗೊತ್ತಾಗಂಗಿಲ್ಲ. ಡಾಕ್ಟರಿಗೆ ನಾ ಹೇಳ್ತೀನಿ. ಅವತ್ತು ತಡದಾಕಿ ನಾನ ಅಲ್ಲೇನು.”

ನಿದ್ದೆ ಹತ್ತುವವರೆಗೆ ಕಾದು, ಹಾಸಿಗೆಯ ಪಕ್ಕ ಕೂತು ಅವರ ಎಡಗೈ ಎತ್ತಿಕೊಂಡೆ. ಬೆರಳ ತುದಿಗೆ ಆಗಲೇ ಪೆನ್ನಿನ ಮಸಿ ಹತ್ತಿತ್ತು. ದಿಂಬಿನ ಬಳಿ ಪಾಟಿಯಂತೆ ಇಟ್ಟುಕೊಂಡ ರಟ್ಟಿನ ಮೇಲೆ ಅವರದೇ ಹೆಸರು, ಸೊಟ್ಟಗೆ, ಸಾಲು ಸಾಲಾಗಿ. ಕೊನೆಯ ಸಾಲು ಮೊದಲಿನದಕ್ಕಿಂತ ಸ್ವಲ್ಪ ನೆಟ್ಟಗಿತ್ತು. ಕೈಯನ್ನು ಮೆಲ್ಲಗೆ ಕೆಳಗಿಟ್ಟೆ.

“ಯಾಕಪ?” ಎಂದರು ಅಮ್ಮ. ಫಾರಂ ಮಡಚಿ ಜೇಬಿಗಿಟ್ಟುಕೊಂಡು ಡಾಕ್ಟರನ್ನು ವಾಪಸ್ ಬಿಡಲು ಹೊರಟೆ.

ಮುಂದಿನ ಮಳೆಗಾಲಕ್ಕೆ ಮಾಸ್ತರು ತೀರಿಕೊಂಡರು. ಆಗ ವಾರಸುದಾರರೆಲ್ಲರ ಸಹಿ ಬೇಕಾಯಿತು. ಮಾಸ್ತರ ಹಿರಿಯ ಮಗಳಿಗೆ ಸಹಿ ಹಾಕಲು ಅವಳ ಗಂಡ ಬಿಡಲೇ ಇಲ್ಲ. ಅಮ್ಮ ನನ್ನೆದುರು ಅತ್ತರು. ನಾನು ಸಹಿ ಸಿಗದೆ ವಾಪಸ್ ಬಂದು, ಗಾಡಿಯನ್ನು ಮೂಲೆಗೆ ನಿಲ್ಲಿಸಿ, ಮತ್ತೆ ಬೇರೆಯವರ ಗಾಡಿ ಹತ್ತಿದೆ. ಸ್ಟ್ಯಾಂಡಿನಲ್ಲಿ ಯಾರು ಗಾಡಿ ಕೊಳ್ಳಲು ಹೊರಟರೂ ಹೇಳುತ್ತೇನೆ: ವಾರ ಯಾವುದೇ ಇರಲಿ, ಮೊದಲು ಸಹಿ, ಆಮೇಲೆ ಕೀಲಿ.

ಈಗ ತಂಬ್ರಹಳ್ಳಿಯಲ್ಲಿ ಎರಡು ಕೋಣೆಯ ಮನೆ ಇದೆ. ನನ್ನ ಹೆಸರಿನಲ್ಲಿ ಎರಡು ಟ್ಯಾಕ್ಸಿ ಓಡುತ್ತವೆ. ಹಿತ್ತಲಿನ ಬೇವಿನ ಮರದಡಿ ಒಂದು ಅಂಬಾಸಿಡರ್ ನಿಂತಿದೆ. ಅದು ಮಾಸ್ತರ ಹೆಸರಿನಲ್ಲಿದೆ.